ಹಿನ್ನೆಲೆಯಿಲ್ಲದ ಚಿತ್ರ: ಇಂಕ್‌ಸ್ಕೇಪ್‌ನಿಂದ ಪಾರದರ್ಶಕ ಪಿಎನ್‌ಜಿ ಪಡೆಯುವ ಕ್ರಮ

ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯ ಬಾಟಲಿಗೆ ಅಂಟಿಸುವ ಪಾರದರ್ಶಕ ಸ್ಟಿಕರ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಈ ಬರಹದ ವಿಷಯ ಅರ್ಧ ಅರ್ಥವಾದಂತೆಯೇ. ಹಾಳೆಯ ಮೇಲಿರುವಾಗ ಅಕ್ಷರಗಳ ಸುತ್ತಲಿನ ಜಾಗ ಬಿಳಿಯಾಗಿ ಕಾಣುತ್ತದೆ, ಏಕೆಂದರೆ ಹಿಂದಿರುವ ಕಾಗದ ಬಿಳಿ. ಅದನ್ನೇ ಕಿತ್ತು ಬಾಟಲಿಗೆ ಅಂಟಿಸಿದೊಡನೆ ಆ ಜಾಗ ಕಪ್ಪಾಗುತ್ತದೆ, ಏಕೆಂದರೆ ಈಗ ಹಿಂದಿರುವುದು ಕಾಚಂಪುಳಿಯ ಕಪ್ಪು. ಸ್ಟಿಕರ್‌ನಲ್ಲಿ ಬಿಳಿ ಎಂಬ ಬಣ್ಣ ಮೊದಲಿನಿಂದಲೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಸಿದ್ಧಪಡಿಸುವ ನಾವು ಎಡವುವುದು ಇಲ್ಲಿಯೇ: ಬಿಳಿ ಜಾಗ ಮತ್ತು ಖಾಲಿ ಜಾಗ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಫೈಲಿನೊಳಗೆ ಮಾತ್ರ ಅವು ಎರಡು ಬೇರೆ ಸಂಗತಿಗಳು.

ಕಾಫಿ ಪುಡಿ, ಜೇನು, ಕರಿಮೆಣಸನ್ನು ತಮ್ಮದೇ ಹೆಸರಿನಲ್ಲಿ ಪೊಟ್ಟಣ ಮಾಡಿ ಮಾರುವ ಬೆಳೆಗಾರರಿಗೆ, ಹೋಂಸ್ಟೇ ನಡೆಸುವವರಿಗೆ, ಕೌಟುಂಬಿಕ ಹಾಕಿ ಪಂದ್ಯಾವಳಿಗೆ ಜೆರ್ಸಿ ಮಾಡಿಸುವ ಒಕ್ಕಗಳಿಗೆ (ಕೊಡವ ಮನೆತನಗಳಿಗೆ) ಲಾಂಛನ ಬರೆದುಕೊಡುವ ಕೆಲಸದಲ್ಲಿ ನಾನಿದ್ದೇನೆ. ಕೊಡಗಿನಲ್ಲಿ ಇಂಥ ಕೆಲಸಕ್ಕೆ ಬಿಳಿ ಕಾಗದ ಸಿಗುವುದು ಅಪರೂಪ. ಕಾಫಿಯ ಪೊಟ್ಟಣ ಕಂದು ಬಣ್ಣದ ಕ್ರಾಫ್ಟ್ ಕಾಗದದ್ದು, ಜೇನಿನ ಬಾಟಲಿ ಹೊಂಬಣ್ಣದ್ದು, ಜೆರ್ಸಿ ಕಡು ಹಸಿರೋ ಕೆಂಪೋ ಆಗಿರುತ್ತದೆ, ಮಡಿಕೇರಿ ದಸರಾದ ದಶಮಂಟಪಗಳ ಪ್ರಚಾರಚಿತ್ರವಾದರೆ ರಾತ್ರಿಯ ಛಾಯಾಚಿತ್ರದ ಮೇಲೆ ಕೂರಬೇಕು. ಆದ್ದರಿಂದ ಲಾಂಛನದ ಸುತ್ತ ಬಿಳಿ ಚೌಕ ಬಂದಿದೆ ಎಂಬ ದೂರು ನಮ್ಮಲ್ಲಿ ಬೇಗ ಕೇಳಿಬರುತ್ತದೆ. ಕೆಳಗಿನ ಕ್ರಮವನ್ನು ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶವನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. 2003ರಿಂದ ಬೆಳೆದುಬಂದಿರುವ ಈ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ, ಮತ್ತು ಅದರಲ್ಲಿ ಕಲಿತದ್ದು ಉಳಿದ ತಂತ್ರಾಂಶಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಖಾಲಿ ಜಾಗವನ್ನು ಫೈಲು ದಾಖಲಿಸುವ ಬಗೆ

ಗೆರೆ, ಆಕಾರಗಳಾಗಿ ದಾಖಲಾಗಿರುವ ವೆಕ್ಟರ್ ಚಿತ್ರವನ್ನು ಹೊರತೆಗೆದಾಗ ಅದು ಪಿಕ್ಸೆಲ್‌ಗಳ ಜಾಲರಿಯಾಗುತ್ತದೆ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿದ್ದು, ಪ್ರತಿಯೊಂದೂ 0ಯಿಂದ 255ರವರೆಗೆ ಇರುತ್ತದೆ. ಪಾರದರ್ಶಕತೆಯನ್ನು ಉಳಿಸಿಕೊಳ್ಳಲು ಇವುಗಳ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆ ಬೇಕು. ಆಲ್ಫಾ 255 ಆಗಿದ್ದರೆ ಬಣ್ಣ ಪೂರ್ತಿ ಇದೆ, 0 ಆಗಿದ್ದರೆ ಅಲ್ಲಿ ಏನೂ ಇಲ್ಲ, ನಡುವಿನ ಬೆಲೆಗಳಲ್ಲಿ ಹಿಂದಿನದು ಅಷ್ಟಷ್ಟೇ ತೋರುತ್ತದೆ. ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬಿಬ್ಬರು 1970ರ ದಶಕದ ಕೊನೆಯಲ್ಲಿ ರೂಪಿಸಿದ ಈ ಕಲ್ಪನೆಯ ಮೇಲೆಯೇ ಇಂದಿನ ಎಲ್ಲ ಚಿತ್ರ ಜೋಡಣೆಯೂ ನಿಂತಿದೆ.

ಫೈಲಿನ ಬಗೆಯನ್ನು ಆಯ್ದುಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ನಾಲ್ಕನೆಯ ಸಂಖ್ಯೆಗೆ ಅಲ್ಲಿ ಜಾಗವಿದೆಯೇ? ನಾವು ದಿನನಿತ್ಯ ಬಳಸುವ ಜೆಪೆಗ್‌ನಲ್ಲಿ ಇಲ್ಲ. ಎಷ್ಟೇ ಎಚ್ಚರಿಕೆಯಿಂದ ಜೆಪೆಗ್ ಮಾಡಿದರೂ ಖಾಲಿ ಜಾಗ ಬಿಳಿಯೋ ಕಪ್ಪೋ ಆಗಿಯೇ ತೀರುತ್ತದೆ. 1989ರಿಂದ ಪಾರದರ್ಶಕತೆಯ ಸೌಲಭ್ಯವಿರುವ ಜಿಫ್‌ನಲ್ಲಿ ಪಿಕ್ಸೆಲ್ ಪೂರ್ತಿ ಇರಬೇಕು ಇಲ್ಲವೇ ಪೂರ್ತಿ ಇಲ್ಲವಾಗಬೇಕು, ನಡುವಿನ ಸ್ಥಿತಿ ಇಲ್ಲ. 1996ರಲ್ಲಿ ಬಂದ ಪಿಎನ್‌ಜಿಯಲ್ಲಿ ಸಾಮಾನ್ಯವಾಗಿ 256 ಹಂತಗಳ ಆಲ್ಫಾ ದೊರೆಯುತ್ತದೆ, ಆದ್ದರಿಂದ ಲಾಂಛನಗಳ ವಿಷಯದಲ್ಲಿ ನನ್ನ ಆಯ್ಕೆ ಪಿಎನ್‌ಜಿಯೇ. ಜಾಲತಾಣಕ್ಕೆ ಮಾತ್ರ ಬಳಸುವುದಾದರೆ ವೆಬ್‌ಪಿಯೂ ಆಗುತ್ತದೆ.

ಪುಟದ ಬಣ್ಣ

ಇಂಕ್‌ಸ್ಕೇಪ್‌ನಲ್ಲಿ ಹೊಸ ಪುಟ ತೆರೆದರೆ ಬಿಳಿ ಹಾಳೆಯಂತೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಆ ಬಿಳುಪಿನ ಆಲ್ಫಾ 0 ಆಗಿರುತ್ತದೆ. ಅಂದರೆ ಕಾಣುವ ಬಿಳುಪು ನಮ್ಮ ಕಣ್ಣಿನ ಅನುಕೂಲಕ್ಕಾಗಿ ಮಾತ್ರ, ಹೊರತೆಗೆದ ಚಿತ್ರಕ್ಕೆ ಅದು ಬರುವುದಿಲ್ಲ. ಯಾರೋ ಒಮ್ಮೆ ಪುಟದ ಬಣ್ಣ ಬದಲಿಸಿ ಆಲ್ಫಾವನ್ನು ಏರಿಸಿಟ್ಟ ಫೈಲು ನಮ್ಮ ಕೈಗೆ ಬಂದರೆ ತೊಂದರೆ ಆರಂಭವಾಗುತ್ತದೆ, ಏಕೆಂದರೆ ಪರದೆಯ ಮೇಲೆ ಎರಡೂ ಬಗೆಯ ಪುಟಗಳು ತದ್ರೂಪವಾಗಿರುತ್ತವೆ.

ಇದನ್ನು ಪರೀಕ್ಷಿಸಲು ಫೈಲ್ ಮೆನುವಿನಲ್ಲಿ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯಬೇಕು. ಅಲ್ಲಿ ಚೆಕರ್‌ಬೋರ್ಡ್ ಎಂಬ ಗುರುತನ್ನು ಹಾಕಿದರೆ ಖಾಲಿ ಜಾಗವೆಲ್ಲ ಚದುರಂಗದ ಮನೆಗಳಂತೆ ತೋರುತ್ತದೆ. ಮನೆಗಳು ಕಾಣದೆ ಪುಟ ಇನ್ನೂ ಬಿಳಿಯಾಗಿಯೇ ಉಳಿದರೆ, ಪುಟದ ಬಣ್ಣದ ಗುಂಡಿಯನ್ನು ಒತ್ತಿ ಆಲ್ಫಾದ ಪಟ್ಟಿಯನ್ನು 0ಗೆ ಎಳೆಯಬೇಕು. ಬಣ್ಣದ ಸಂಕೇತದ ಕೊನೆಯ ಎರಡು ಸ್ಥಾನಗಳು 00 ಎಂದಾದರೆ ಕೆಲಸವಾಯಿತು. ಯಾವ ಫೈಲು ಬಂದರೂ ನಾನು ಮೊದಲು ಮಾಡುವ ಕೆಲಸ ಈ ಚೆಕರ್‌ಬೋರ್ಡ್ ಹಾಕುವುದು, ಮತ್ತು ಕೆಲಸ ಮುಗಿಯುವವರೆಗೂ ಅದನ್ನು ತೆಗೆಯುವುದಿಲ್ಲ. ಮೊದಲೆರಡು ದಿನ ಕಣ್ಣಿಗೆ ಕಿರಿಕಿರಿಯಾದರೂ ಆಮೇಲೆ ಅದಿಲ್ಲದ ಪುಟದ ಮೇಲೆ ನಂಬಿಕೆ ಬರುವುದಿಲ್ಲ.

ಪುಟದ ಬಣ್ಣ ಸರಿಯಿದ್ದರೂ ಬಿಳಿ ಹೋಗದಿದ್ದರೆ, ಚಿತ್ರದ ಕೆಳಗೆ ನಿಜವಾದ ಬಿಳಿ ಆಯತವೊಂದು ಮಲಗಿರುತ್ತದೆ. ಪಿಡಿಎಫ್‌ನಿಂದ ತಂದ ಚಿತ್ರಗಳಲ್ಲಿ ಪುಟದ ಅಳತೆಯ ಇಂಥ ಆಯತ ಹಲವು ಸಲ ಬರುತ್ತದೆ. ಕಂಟ್ರೋಲ್ ಮತ್ತು 5ನ್ನು ಒತ್ತುತ್ತ ಹೋದರೆ ಚಿತ್ರವು ಬರಿಯ ಗೆರೆಗಳಾಗಿ ಕಾಣುವ ನೋಟ ಬರುತ್ತದೆ, ಆಗ ಅಡಗಿರುವ ಚೌಕಟ್ಟು ತಾನಾಗಿ ಬಯಲಾಗುತ್ತದೆ. ಬೀಗ ಹಾಕಿದ ವಸ್ತುವಾದರೆ ಅದು ಆಯ್ಕೆಗೆ ಸಿಗುವುದಿಲ್ಲ, ಆದ್ದರಿಂದ ಲೇಯರ್ಸ್ ಆ್ಯಂಡ್ ಆಬ್ಜೆಕ್ಟ್ಸ್ ಪಟ್ಟಿಯನ್ನು ತೆರೆದು, ಎಲ್ಲಕ್ಕಿಂತ ಕೆಳಗಿರುವುದು ಏನೆಂದು ನೋಡಿ, ಬೀಗ ತೆಗೆದು ಅಳಿಸಬೇಕು.

ಹಳೆಯ ಜೆಪೆಗ್ ಲಾಂಛನವನ್ನು ಟ್ರೇಸ್ ಬಿಟ್‌ಮ್ಯಾಪ್ ಮೂಲಕ ವೆಕ್ಟರ್ ಮಾಡಿಕೊಂಡವರು ಇನ್ನೊಂದು ವಿಷಯವನ್ನು ನೆನಪಿಡಬೇಕು. ಹೊಸದಾಗಿ ಮೂಡಿದ ಚಿತ್ರ ಹಳೆಯ ಜೆಪೆಗ್‌ನ ಮೇಲೆಯೇ ಕರಾರುವಾಕ್ಕಾಗಿ ಕುಳಿತಿರುತ್ತದೆ. ಅದನ್ನು ಪಕ್ಕಕ್ಕೆ ಎಳೆದು, ಕೆಳಗಿನ ಜೆಪೆಗ್ ಅನ್ನು ಅಳಿಸದಿದ್ದರೆ ಬಿಳಿ ಚೌಕವೂ ಚಿತ್ರದೊಡನೆ ಹೊರಬರುತ್ತದೆ. ಹಲವು ಬಣ್ಣಗಳ ಟ್ರೇಸ್ ಮಾಡುವಾಗ ರಿಮೂವ್ ಬ್ಯಾಕ್‌ಗ್ರೌಂಡ್ ಎಂಬ ಗುರುತನ್ನು ಹಾಕಿಕೊಳ್ಳುವುದು ಒಳ್ಳೆಯದು. ಒಂದೇ ಬಣ್ಣದ ಲಾಂಛನವಾದರೆ ಸಿಂಗಲ್ ಸ್ಕ್ಯಾನ್ ಸಾಕು, ಅದರಲ್ಲಿ ಒಳಗಿನ ರಂಧ್ರಗಳೂ ನಿಜವಾದ ರಂಧ್ರಗಳಾಗಿಯೇ ಬರುತ್ತವೆ.

ಸೊನ್ನೆಯ ಒಳಗಿನ ಬಿಳುಪು

ಹೊರಗಿನ ಚೌಕವನ್ನು ತೆಗೆದವರು ಒಳಗಿನ ಬಿಳುಪನ್ನು ಮರೆಯುವುದುಂಟು. ನಾನೂ ಒಮ್ಮೆ ಮರೆತಿದ್ದೇನೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಈಗ ಎಷ್ಟು ದೊಡ್ಡದಾಗಿದೆಯೆಂದರೆ, ಪಂದ್ಯದ ಋತು ಸಮೀಪಿಸಿದಾಗ ಜೆರ್ಸಿಗಳ ಚಿತ್ರ ಸಿದ್ಧಪಡಿಸಲು ನಮಗೆ ದಿನಗಳು ಸಾಲುವುದಿಲ್ಲ. ಅಂಥ ಅವಸರದ ಒಂದು ವರ್ಷ ಒಕ್ಕವೊಂದರ ಜೆರ್ಸಿಗೆ ಕೊಡವರ ಸಾಂಪ್ರದಾಯಿಕ ಕಿರುಗತ್ತಿಯಾದ ಪೀಚೆಕತ್ತಿಯ ಚಿತ್ರ ಬರೆದುಕೊಟ್ಟಿದ್ದೆ. ಕತ್ತಿಯ ಬೆಳ್ಳಿ ಸರಪಳಿಯ ಪ್ರತಿ ಬಳೆಯನ್ನೂ ಎರಡು ವೃತ್ತಗಳಿಂದ ಮಾಡಿದ್ದೆ: ಹೊರಗೆ ಬೂದುಬಣ್ಣದ ದೊಡ್ಡ ವೃತ್ತ, ಅದರ ಮೇಲೆ ಬಿಳಿಯ ಸಣ್ಣ ವೃತ್ತ. ಬಿಳಿ ಪುಟದ ಮೇಲೆ ಅವು ಬಳೆಗಳಂತೆಯೇ ಕಾಣುತ್ತಿದ್ದವು. ಕಡು ಹಸಿರು ಬಟ್ಟೆಯ ಮೇಲೆ ಅಚ್ಚಾಗಿ ಬಂದಾಗ ಸರಪಳಿ ಇರಲಿಲ್ಲ, ಬಿಳಿ ಬಟ್ಟುಗಳ ಸಾಲೊಂದು ಇತ್ತು. ಅಚ್ಚು ಹಾಕಿದವರ ತಪ್ಪೇನೂ ಇರಲಿಲ್ಲ, ಏಕೆಂದರೆ ಫೈಲಿನಲ್ಲಿ ಬಿಳಿ ಎಂದು ಬರೆದಿತ್ತು ಮತ್ತು ಯಂತ್ರ ಬಿಳಿ ಶಾಯಿಯನ್ನು ಹಾಕಿತ್ತು. ಆ ಜೆರ್ಸಿಗಳನ್ನು ತೊಟ್ಟ ಹುಡುಗರು ಏನೂ ಅನ್ನಲಿಲ್ಲವಾದರೂ ಮೈದಾನದ ಅಂಚಿನಲ್ಲಿ ಕುಳಿತು ಅದನ್ನು ನೋಡುವುದು ನನಗೆ ಕಷ್ಟವಾಗಿತ್ತು.

ರಂಧ್ರವನ್ನು ನಿಜವಾಗಿ ಕೊರೆಯುವ ವಿಧಾನ ಹೀಗಿದೆ. ಕೆಳಗಿನ ದೊಡ್ಡ ವೃತ್ತವನ್ನೂ ಮೇಲಿನ ಸಣ್ಣ ವೃತ್ತವನ್ನೂ ಒಟ್ಟಿಗೆ ಆಯ್ದು, ಪಾತ್ ಮೆನುವಿನ ಡಿಫರೆನ್ಸ್ ಒತ್ತಬೇಕು. ಮೇಲಿರುವ ಆಕಾರವು ಕೆಳಗಿನದನ್ನು ಕತ್ತರಿಸಿಕೊಂಡು ತಾನೂ ಇಲ್ಲವಾಗುತ್ತದೆ, ಚೆಕರ್‌ಬೋರ್ಡಿನ ಮನೆಗಳು ಆ ತೂತಿನಲ್ಲಿ ಇಣುಕುತ್ತವೆ. ಕತ್ತರಿಸಬೇಕಾದ ಬಿಳಿ ವೃತ್ತಗಳು ಹತ್ತಾರಿದ್ದರೆ ಮೊದಲು ಅವೆಲ್ಲವನ್ನೂ ಯೂನಿಯನ್ ಮಾಡಿ ಒಂದೇ ಆಕಾರವಾಗಿಸಿಕೊಂಡು ಆಮೇಲೆ ಡಿಫರೆನ್ಸ್ ಮಾಡುವುದು ಸುಲಭ, ಗುಂಪುಗಳಿದ್ದರೆ ಅದಕ್ಕೂ ಮುಂಚೆ ಗುಂಪನ್ನು ಬಿಡಿಸಿರಬೇಕು. ಬಳೆಯಂಥ ಸರಳ ಆಕಾರಕ್ಕೆ ಇಷ್ಟೂ ಬೇಕಿಲ್ಲ. ಒಂದೇ ವೃತ್ತ ಬರೆದು ಅದರ ಫಿಲ್ (ಒಳಬಣ್ಣ) ತೆಗೆದು ದಪ್ಪ ಸ್ಟ್ರೋಕ್ (ಅಂಚುಗೆರೆ) ಕೊಟ್ಟರೆ ನಡುಭಾಗ ಹುಟ್ಟಿನಿಂದಲೇ ಖಾಲಿ.

ಕನ್ನಡ ಅಕ್ಷರಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ನಮ್ಮ ಲಿಪಿಯ ತುಂಬ ಸುತ್ತುಗಳೂ ಕುಣಿಕೆಗಳೂ ಇವೆ. ಕಾಚಂಪುಳಿ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ, ಅದರ ನಡುವೆ ಸೊನ್ನೆಯೊಂದು ಇದೆ. ಫಾಂಟಿನಿಂದ ನೇರವಾಗಿ ಬರೆದಾಗ ಆ ಸೊನ್ನೆಯ ಒಳಗು ಖಾಲಿಯಾಗಿಯೇ ಇರುತ್ತದೆ. ಆದರೆ ಯಾರೋ ಕೈಯಿಂದ ಬರೆದ ಅಕ್ಷರವನ್ನು ಹಲವು ಬಣ್ಣಗಳ ಟ್ರೇಸ್ ಮಾಡಿ ಕೊಟ್ಟಿದ್ದರೆ ಸೊನ್ನೆಯೊಳಗೆ ಬಿಳಿ ಬಿಲ್ಲೆಯೊಂದು ಕುಳಿತಿರುವ ಸಾಧ್ಯತೆ ಇದೆ. ನೋಟವನ್ನು 400 ಶೇಕಡಾಕ್ಕೆ ಹಿಗ್ಗಿಸಿ, ಪದದ ಒಂದೊಂದು ಅಕ್ಷರದ ಒಳಭಾಗವನ್ನೂ ಚೆಕರ್‌ಬೋರ್ಡಿನ ಎದುರು ನೋಡುತ್ತ ಹೋಗಿ. ಎಲ್ಲ ಸರಿಯಿದ್ದರೆ ಅಕ್ಷರಗಳನ್ನು ಆಬ್ಜೆಕ್ಟ್ ಟು ಪಾತ್ ಮೂಲಕ ಆಕಾರಗಳಾಗಿ ಬದಲಿಸಿದ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಮುದ್ರಣಾಲಯದ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದಾಗ ಒತ್ತಕ್ಷರಗಳು ಚದುರಿಹೋಗದಂತೆ ಅದು ಕಾಯುತ್ತದೆ.

ಇದೇ ಹಂತದಲ್ಲಿ ಒಪಾಸಿಟಿಯನ್ನೂ (ಅಪಾರದರ್ಶಕತೆಯನ್ನೂ) ಗಮನಿಸಬೇಕು. ಬೂದುಬಣ್ಣ ಬೇಕಾದಾಗ ಕಪ್ಪಿನ ಒಪಾಸಿಟಿಯನ್ನು 40ಕ್ಕೆ ಇಳಿಸುವ ಅಭ್ಯಾಸ ಹಲವರಲ್ಲಿದೆ. ಬಿಳಿ ಪುಟದ ಮೇಲೆ ಅದು ಬೂದಾಗಿ ಕಂಡರೂ ಹೊರತೆಗೆದ ಚಿತ್ರದಲ್ಲಿ ಅದು ಅರೆಪಾರದರ್ಶಕ ಕಪ್ಪು, ಕ್ರಾಫ್ಟ್ ಕಾಗದದ ಚಿತ್ರದ ಮೇಲೆ ಇಟ್ಟರೆ ಕೊಳಕು ಕಂದಾಗುತ್ತದೆ. ಬೂದು ಬೇಕಿದ್ದರೆ ಬೂದುಬಣ್ಣವನ್ನೇ ಪೂರ್ಣವಾಗಿ ತುಂಬಿ. ಮೇಲಿನ ಬಣ್ಣವನ್ನು ಕೆಳಗಿನದರೊಡನೆ ಬೆರೆಸುವ ಮಲ್ಟಿಪ್ಲೈ ಮುಂತಾದ ಬ್ಲೆಂಡ್ ಮೋಡ್‌ಗಳೂ ಹೀಗೆಯೇ: ಕೆಳಗೆ ಬಣ್ಣವಿದ್ದರೆ ಮಾತ್ರ ಅವುಗಳಿಗೆ ಅರ್ಥ, ಖಾಲಿಯ ಮೇಲೆ ಅವು ಕೆಲಸ ಮಾಡುವುದಿಲ್ಲ.

ಹೊರತೆಗೆಯುವುದು

ಕಂಟ್ರೋಲ್, ಶಿಫ್ಟ್ ಮತ್ತು ಇ ಒತ್ತಿದರೆ ಎಕ್ಸ್‌ಪೋರ್ಟ್ ಫಲಕ ತೆರೆಯುತ್ತದೆ. 2022ರಲ್ಲಿ ಬಂದ 1.2ನೆಯ ಆವೃತ್ತಿಯಿಂದ ಈ ಫಲಕದ ರೂಪ ಬದಲಾಗಿದ್ದು, ಒಂದೇ ಚಿತ್ರಕ್ಕೊಂದು ಭಾಗ, ಹಲವನ್ನು ಒಟ್ಟಿಗೆ ತೆಗೆಯಲು ಬ್ಯಾಚ್ ಎಂಬ ಇನ್ನೊಂದು ಭಾಗ ಇದೆ. ಲಾಂಛನ ಮಾತ್ರ ಬೇಕಿದ್ದರೆ ಅದನ್ನು ಆಯ್ದು ಸೆಲೆಕ್ಷನ್ ಒತ್ತಬೇಕು. ಆದರೆ ಅಷ್ಟರಿಂದ ನಿಶ್ಚಿಂತರಾಗುವಂತಿಲ್ಲ. ಸೆಲೆಕ್ಷನ್ ಎಂಬುದು ಅಳತೆಯ ಚೌಕಟ್ಟನ್ನು ಮಾತ್ರ ನಿರ್ಧರಿಸುತ್ತದೆ, ಆ ಚೌಕಟ್ಟಿನೊಳಗೆ ಬೀಳುವ ಬೇರೆ ವಸ್ತುಗಳೂ ಚಿತ್ರದಲ್ಲಿ ಬರುತ್ತವೆ. ಆಯ್ದದ್ದು ಮಾತ್ರ ಬರಲಿ ಎಂದಾದರೆ ಎಕ್ಸ್‌ಪೋರ್ಟ್ ಸೆಲೆಕ್ಟೆಡ್ ಓನ್ಲಿ ಎಂಬ ಗುರುತನ್ನೂ ಹಾಕಬೇಕು. ಕೆಳಗೆ ಕಾಫಿ ಪೊಟ್ಟಣದ ಛಾಯಾಚಿತ್ರವನ್ನು ಹಾಸಿಕೊಂಡು ಅದರ ಮೇಲೆ ಲಾಂಛನ ಬರೆಯುವವರಿಗೆ ಈ ಗುರುತು ಬಹಳ ಮುಖ್ಯ.

ಅಳತೆಯ ಲೆಕ್ಕ ಸರಳವಾಗಿದೆ. ಮುದ್ರಣಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಎಂದಿಟ್ಟುಕೊಂಡರೆ, 3 ಇಂಚಿನ ಲೇಬಲ್‌ಗೆ 900 ಪಿಕ್ಸೆಲ್, ಜೆರ್ಸಿಯ ಎದೆಯ ಮೇಲಿನ 10 ಇಂಚಿನ ಚಿತ್ರಕ್ಕೆ 3000 ಪಿಕ್ಸೆಲ್ ಅಗಲ ಬೇಕು. ಸಣ್ಣದಾಗಿ ಹೊರತೆಗೆದು ಆಮೇಲೆ ಹಿಗ್ಗಿಸುವುದರಿಂದ ಅಂಚುಗಳ ಅರೆಪಾರದರ್ಶಕ ಪಿಕ್ಸೆಲ್‌ಗಳೂ ಹಿಗ್ಗಿ ಮಂಜು ಕವಿದಂತಾಗುತ್ತದೆ. ವೆಕ್ಟರ್ ಫೈಲು ಕೈಯಲ್ಲಿರುವಾಗ ಬೇಕಾದ ಅಳತೆಗೆ ಹೊಸದಾಗಿ ಹೊರತೆಗೆಯುವುದೇ ಸರಿ.

ಪಿಎನ್‌ಜಿ ಆಯ್ದ ಮೇಲೆ ಪಕ್ಕದ ಚಕ್ರದ ಗುರುತನ್ನು ಒತ್ತಿದರೆ ಬಿಟ್ ಡೆಪ್ತ್ ಎಂಬ ಆಯ್ಕೆ ಕಾಣುತ್ತದೆ. ಅಲ್ಲಿ ಆರ್‌ಜಿಬಿಎ 8 ಎಂದಿರಬೇಕು. ಕೊನೆಯ ಎ ಎಂಬುದೇ ಆಲ್ಫಾ. ಆರ್‌ಜಿಬಿ 8 ಎಂದು ಬದಲಾಗಿದ್ದರೆ ಹಿಂದಿನ ಎಲ್ಲ ಶ್ರಮವೂ ವ್ಯರ್ಥವಾಗಿ, ಪಿಎನ್‌ಜಿ ಎಂಬ ಹೆಸರಿನಲ್ಲಿಯೇ ಹಿನ್ನೆಲೆಯಿರುವ ಚಿತ್ರ ಸಿಗುತ್ತದೆ.

ಅಡೋಬಿ ಇಲಸ್ಟ್ರೇಟರ್ ಬಳಸುವವರು ಎಕ್ಸ್‌ಪೋರ್ಟ್ ಆ್ಯಸ್ ಮೂಲಕ ಪಿಎನ್‌ಜಿ ಆಯ್ದಾಗ ಬರುವ ಫಲಕದಲ್ಲಿ ಬ್ಯಾಕ್‌ಗ್ರೌಂಡ್ ಕಲರ್ ಎಂಬಲ್ಲಿ ಟ್ರಾನ್ಸ್‌ಪರೆಂಟ್ ಆಯ್ದುಕೊಳ್ಳಬೇಕು. ಕೋರೆಲ್‌ಡ್ರಾದಲ್ಲಿಯೂ ಪಿಎನ್‌ಜಿ ಹೊರತೆಗೆಯುವ ಫಲಕದಲ್ಲಿ ಪಾರದರ್ಶಕತೆಯ ಗುರುತು ಇದ್ದು, ಅದನ್ನು ಹಾಕದಿದ್ದರೆ ಬಿಳಿ ಬರುತ್ತದೆ. ಉಳಿದ ಮಾತುಗಳೆಲ್ಲ ಮೂರಕ್ಕೂ ಸಮಾನ.

ಅಂಚಿನ ಬಿಳಿ ನೂಲು

ಚೌಕ ಹೋದರೂ ಅಕ್ಷರಗಳ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆ ಉಳಿಯುವುದನ್ನು ನೋಡಿರಬಹುದು. ಅದರ ಕಾರಣವನ್ನು ಒಂದೇ ಪಿಕ್ಸೆಲ್‌ನಲ್ಲಿ ತೋರಿಸಬಹುದು. ಹುರಿದ ಕಾಫಿಯ ಕಂದುಬಣ್ಣವನ್ನು 74, 44, 23 ಎಂದು ಇಟ್ಟುಕೊಳ್ಳೋಣ. ಅಕ್ಷರದ ಬಾಗಿದ ಅಂಚು ಒಂದು ಪಿಕ್ಸೆಲ್‌ನ ಅರ್ಧದಲ್ಲಿ ಮಾತ್ರ ಹಾದುಹೋಗುತ್ತದೆ. ಬಿಳಿ ಹಿನ್ನೆಲೆಯೊಡನೆ ಹೊರತೆಗೆದರೆ ಕಂದು ಮತ್ತು ಬಿಳಿಯ ಸರಾಸರಿಯಾಗಿ ಆ ಪಿಕ್ಸೆಲ್ ಸುಮಾರು 165, 150, 139 ಆಗುತ್ತದೆ, ಅಂದರೆ ಮಾಸಲು ಬಣ್ಣ. ಪಾರದರ್ಶಕವಾಗಿ ಹೊರತೆಗೆದರೆ ಅದೇ ಪಿಕ್ಸೆಲ್ 74, 44, 23 ಎಂಬ ಅಚ್ಚ ಕಂದಾಗಿಯೇ ಉಳಿದು, ಆಲ್ಫಾ ಮಾತ್ರ 128ರ ಆಸುಪಾಸಿನಲ್ಲಿ ಇರುತ್ತದೆ, ಹಸಿರಿನ ಮೇಲಿಟ್ಟರೆ ಹಸಿರಿನೊಡನೆ ಬೆರೆಯುತ್ತದೆ. ಮೊದಲನೆಯ ಚಿತ್ರವನ್ನು ಬೇರೊಂದು ತಂತ್ರಾಂಶಕ್ಕೆ ಒಯ್ದು ಬಿಳಿಯನ್ನು ಅಳಿಸಿದರೆ, ಅಚ್ಚ ಬಿಳಿ ಪಿಕ್ಸೆಲ್‌ಗಳು ಹೋಗಿ ಮಾಸಲು ಪಿಕ್ಸೆಲ್‌ಗಳು ಉಳಿಯುತ್ತವೆ. ಆ ನೂಲು ಅವೇ. ಬಿಳಿಯನ್ನು ಆಮೇಲೆ ಅಳಿಸಿದರಾಯಿತು ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಮೂಲ ವೆಕ್ಟರ್ ಫೈಲು ಇರುವವರು ಮತ್ತೆ ಅಲ್ಲಿಗೇ ಹೋಗಿ ಸರಿಯಾಗಿ ಹೊರತೆಗೆಯಬೇಕು.

ಬಟ್ಟೆಗೆ ಡಿಟಿಎಫ್ (ಫಿಲ್ಮಿನ ಮೇಲೆ ಅಚ್ಚು ಹಾಕಿ ಬಟ್ಟೆಗೆ ವರ್ಗಾಯಿಸುವ) ಮುದ್ರಣ ಮಾಡಿಸುವಾಗ ಈ ಅರೆಪಾರದರ್ಶಕ ಅಂಚುಗಳೇ ತೊಡಕಾಗಬಹುದು. ಅಲ್ಲಿ ಬಣ್ಣಕ್ಕೆ ಆಧಾರವಾಗಿ ಬಿಳಿ ಶಾಯಿ ಇರುತ್ತದೆ, ಅರ್ಧ ಬಣ್ಣದ ಪಿಕ್ಸೆಲ್‌ಗಳಿದ್ದಲ್ಲಿ ಆ ಬಿಳಿ ಹೊರಗೆ ಇಣುಕುತ್ತದೆ. ಅಂಥ ಕೆಲಸಕ್ಕೆ ಮಸುಕಾದ ನೆರಳುಗಳನ್ನು ಚಿತ್ರದಿಂದ ತೆಗೆದುಹಾಕುವುದು ಒಳ್ಳೆಯದು, ಮತ್ತು ದೊಡ್ಡ ಅಳತೆಯಲ್ಲಿ ಹೊರತೆಗೆಯುವುದಾದರೆ ಪಿಎನ್‌ಜಿಯ ಅದೇ ಫಲಕದಲ್ಲಿ ಅಂಚುಗಳನ್ನು ನಯಗೊಳಿಸುವ ಆ್ಯಂಟಿಏಲಿಯಾಸಿಂಗ್ ಅನ್ನು ಪೂರ್ತಿ ಇಳಿಸಬಹುದು. ಪಾರದರ್ಶಕ ಸ್ಟಿಕರ್‌ನಲ್ಲಿ ಪರಿಸ್ಥಿತಿ ತಿರುಗುಮುರುಗು: ಅಕ್ಷರದ ಹಿಂದೆ ಬಿಳಿ ಪದರವಿಲ್ಲದಿದ್ದರೆ ಹಳದಿ, ಕೇಸರಿಯಂಥ ತಿಳಿಬಣ್ಣಗಳು ಕಾಚಂಪುಳಿಯ ಕಪ್ಪಿನ ಎದುರು ಮಾಯವಾಗುತ್ತವೆ. ಎಲ್ಲಿ ಬಿಳಿ ಶಾಯಿ ಬೀಳಬೇಕು ಎಂಬುದನ್ನು ಬೇರೆ ಲೇಯರ್‌ನಲ್ಲಿ ಬರೆದು ಮುದ್ರಕರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮುದ್ರಣಾಲಯಕ್ಕೆ ಪಿಎನ್‌ಜಿಗಿಂತ ಪಿಡಿಎಫ್ ಕಳುಹಿಸುವುದೇ ಹೆಚ್ಚಿನ ಸಂದರ್ಭಗಳಲ್ಲಿ ಉತ್ತಮ, ಏಕೆಂದರೆ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ. ಪಿಡಿಎಫ್‌ನಲ್ಲಿ 1.4ನೆಯ ಆವೃತ್ತಿಯಿಂದ ಮಾತ್ರ ಅರೆಪಾರದರ್ಶಕತೆಗೆ ಅವಕಾಶವಿದೆ, ಮುದ್ರಣಕ್ಕೆ ಬಳಸುವ ಇನ್ನೊಂದು ಬಗೆಯ ಫೈಲಾದ ಇಪಿಎಸ್‌ನಲ್ಲಿ ಅದಿಲ್ಲ. ಇಪಿಎಸ್ ಕೇಳಿದರೆ ಚಿತ್ರದಲ್ಲಿ ಅರೆಪಾರದರ್ಶಕ ಭಾಗಗಳೇ ಇಲ್ಲದಂತೆ ಮೊದಲೇ ಸರಿಪಡಿಸಿಕೊಳ್ಳಿ.

ಕಳುಹಿಸುವ ಮುನ್ನ

ಹೊರತೆಗೆದ ಚಿತ್ರವನ್ನು ಕಂಪ್ಯೂಟರಿನ ಚಿತ್ರವೀಕ್ಷಕದಲ್ಲಿ ನೋಡಿ ತೀರ್ಮಾನಿಸಬಾರದು. ಒಂದು ವೀಕ್ಷಕ ಖಾಲಿಯನ್ನು ಬಿಳಿಯಾಗಿ, ಇನ್ನೊಂದು ಕಪ್ಪಾಗಿ, ಮತ್ತೊಂದು ಚೌಕಗಳಾಗಿ ತೋರಿಸುತ್ತದೆ. ಜಾಲದಲ್ಲಿ ಸಿಗುವ ಕೆಲವು ಚಿತ್ರಗಳಲ್ಲಂತೂ ಆ ಚೌಕಗಳೇ ಚಿತ್ರದ ಭಾಗವಾಗಿ ಅಚ್ಚಾಗಿರುತ್ತವೆ. ನಂಬಬಹುದಾದ ಪರೀಕ್ಷೆ ಎಂದರೆ ಇಂಕ್‌ಸ್ಕೇಪ್‌ನಲ್ಲಿ ಹೊಸ ಫೈಲು ತೆರೆದು, ಕ್ರಾಫ್ಟ್ ಕಾಗದದ ಕಂದು, ಜೆರ್ಸಿಯ ಹಸಿರು, ಕಾಚಂಪುಳಿಯ ಕಪ್ಪು, ಈ ಮೂರು ಬಣ್ಣಗಳ ಮೂರು ಆಯತಗಳನ್ನು ಬರೆದು, ಪಿಎನ್‌ಜಿಯನ್ನು ಒಳತಂದು ಮೂರರ ಮೇಲೂ ಇಟ್ಟು ಹಿಗ್ಗಿಸಿ ನೋಡುವುದು. ನಾನು ಆ ಫೈಲನ್ನು ಒಮ್ಮೆ ಮಾಡಿಟ್ಟುಕೊಂಡಿದ್ದೇನೆ, ಪ್ರತಿ ಸಲ ಅದನ್ನೇ ಬಳಸುತ್ತೇನೆ. ಕಡು ಕಂದು ಲಾಂಛನ ಕಪ್ಪಿನ ಮೇಲೆ ಕಾಣದಂತಾದರೆ, ಅದೇ ಲಾಂಛನದ ತಿಳಿಬಣ್ಣದ ಇನ್ನೊಂದು ಪ್ರತಿ ಬೇಕೆಂದು ಅಲ್ಲಿಯೇ ತಿಳಿಯುತ್ತದೆ. ಮೊಬೈಲನ್ನು ಕಪ್ಪು ಹಿನ್ನೆಲೆಯಲ್ಲಿ ಇಟ್ಟುಕೊಂಡು ನಿಮ್ಮ ಜಾಲತಾಣ ನೋಡುವವರಿಗೂ ಆ ಎರಡನೆಯ ಪ್ರತಿ ಬೇಕಾಗುತ್ತದೆ.

ಕೊನೆಯದಾಗಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೋ ಎಂದು ಕಳುಹಿಸಿದರೆ ಚಿತ್ರ ದಾರಿಯಲ್ಲಿ ಜೆಪೆಗ್ ಆಗಿ, ಪಾರದರ್ಶಕತೆ ಹೋಗಿ, ಬಿಳಿಯೋ ಕಪ್ಪೋ ತುಂಬಿಕೊಳ್ಳುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಫೈಲು ಇದ್ದ ಹಾಗೆಯೇ ತಲುಪುತ್ತದೆ. ಫೈಲಿನ ಹೆಸರಿನಲ್ಲಿಯೇ ಕಡು, ತಿಳಿ ಎಂಬ ಗುರುತನ್ನೂ ಪಿಕ್ಸೆಲ್ ಅಗಲವನ್ನೂ ಸೇರಿಸಿ, ಕಾಚಂಪುಳಿ-ತಿಳಿ-900 ಎಂಬಂತೆ ಹೆಸರಿಟ್ಟು ಕಳುಹಿಸಿದರೆ, ಗೋಣಿಕೊಪ್ಪದ ಅಂಗಡಿಯಲ್ಲಿ ಅದನ್ನು ತೆರೆಯುವವರು ಯಾವುದನ್ನು ಯಾವ ಬಾಟಲಿಗೆ ಹಾಕಬೇಕೆಂದು ಮತ್ತೆ ಫೋನ್ ಮಾಡಿ ಕೇಳಬೇಕಾಗುವುದಿಲ್ಲ.